ನೂರು ಎಡತೋಳು

ಬಟ್ಟೆ ಕತ್ತರಿಸುವುದರಲ್ಲಿ ಹನ್ನೊಂದು ವರ್ಷ ಪಳಗಿದ ಕೈ. ಹೊಲಿಗೆ ಶೆಡ್ಡಿನಲ್ಲಿ ಎಲ್ಲರ ಬಾಯಲ್ಲೂ ಅವಳು ಕತ್ತರಿಯಕ್ಕ. ಅಂಥವಳು ಆ ದಿನ, ಬಲತೋಳಿಗೆ ಮಾದರಿ ಕಾಗದವನ್ನು ಮಗುಚಿ ಹಾಕಬೇಕೆಂಬುದನ್ನೇ ಮರೆತಳು. ಐವತ್ತು ಪದರ ಬಟ್ಟೆ, ನೂರು ತೋಳು, ಅಷ್ಟೂ ಎಡಗಡೆಯವು! ಎರಡೂ ಎಡಗೈ ಇರುವ ಮನುಷ್ಯನನ್ನು ಎಲ್ಲಿಂದ ಹುಡುಕಿ ತರೋಣ, ಹೇಳಿ?

ಮೇಸ್ತ್ರಿಯ ಬಾಯಿಗಂತೂ ಬೀಗವಿಲ್ಲ. ಅವಳು ಹೊಟ್ಟೆ ಹಿಡಿದುಕೊಂಡದ್ದನ್ನು ನೋಡಿದ್ದ. "ತಿಂಗಳು ತಿಂಗಳು ಇವರದ್ದು ಇದೇ ಗೋಳು ಮೇಡಂ. ಗುಂಡಿ ಹೊಲಿಯೋಕೆ ಹಾಕಿಬಿಡಿ," ಎಂದು ಯಜಮಾನಿಯ ಕಿವಿ ಊದಿದ.

"ಮುಂದಿನ ಸಲ ಅದೇ ದಿನಗಳಲ್ಲಿ ನಿನ್ನ ಕೆಲಸ ನೋಡ್ತೀನಿ," ಎಂದರು ಯಜಮಾನಿ, ಅವಳನ್ನು ಕರೆದು. "ಕತ್ತರಿಸೋ ಟೇಬಲ್ ನಿನಗೋ ಬೇರೆಯವರಿಗೋ, ಆಮೇಲೆ ಹೇಳ್ತೀನಿ."

ಅವಳ ಅಕ್ಕ ನರ್ಸು. ಅಳುತ್ತ ಬಂದ ತಂಗಿಯನ್ನು ಗದರಿಯೇ ಸಮಾಧಾನ ಮಾಡಿದಳು. "ಡಾಕ್ಟರು ಬೇರೇನೂ ತೊಂದರೆ ಇಲ್ಲ ಅಂದ್ರಲ್ಲ! ನೋವು ಬರತ್ತೆ, ಸರಿ. ಅದಕ್ಕೆ ಗೊಬ್ಬರ ಹಾಕೋದು ಯಾರೇ? ಮಧ್ಯಾಹ್ನ ಊಟ ಬಿಡ್ತೀಯ, ನಿದ್ದೆ ಕೆಡ್ತೀಯ, ಆ ಮೇಸ್ತ್ರಿ ಅಂದಿದ್ದೆಲ್ಲ ನುಂಗ್ಕೊಂಡು ಕೂರ್ತೀಯ."

ಊಟ, ನಿದ್ದೆ ಹಾದಿಗೆ ಬಂದವು. ಅಕ್ಕ ಹೇಳಿದಂತೆ ದಿನವೂ ಸಂಜೆ ಬಸ್ಸು ಬಿಟ್ಟು ನಡೆದೇ ಮನೆಗೆ ಹೋಗತೊಡಗಿದಳು. ನುಂಗುವುದೊಂದು ಮಾತ್ರ ಬಿಡಲಾಗಲಿಲ್ಲ.

ಆ ದಿನ ಬಂತು. ನೋವು ಬರಲಿಲ್ಲವೆಂದರೆ ಸುಳ್ಳಾದೀತು. ಬಂತು, ಆದರೆ ನಿಂತು ಕೆಲಸ ಮಾಡುವಷ್ಟು ಸೈರಿಸಬಹುದಾಗಿತ್ತು. ಬಟ್ಟೆ ಹಾಸಿ, ಕಾಗದ ಮಗುಚಿ, ಕತ್ತರಿಸುವ ಮೆಷಿನ್ ಚಾಲು ಮಾಡಿದಳು. ಯಜಮಾನಿ ಎದುರಿಗೇ ನಿಂತಿದ್ದರು. ಮೇಸ್ತ್ರಿ ಪಕ್ಕಕ್ಕೆ ಬಂದು ಶುರುಮಾಡಿದ.

"ಏನಮ್ಮಾ, ಇವತ್ತೂ ಎಡಗೈನಾ? ಹೊಟ್ಟೆ ಹೇಗಿದೆ?"

ಅವಳು ಮೆಷಿನ್ ಆರಿಸಿದಳು. ಅವನ ಕಡೆ ತಿರುಗಿದಳು.

"ಮೇಸ್ತ್ರಿಗಳೇ, ಹೋದ ಸಲ ನಾನು ಕಾಗದ ಇಡೋವಾಗ ನೀವು ಕಿವಿ ಹತ್ರ ನಿಂತು ಅರ್ಧ ಗಂಟೆ ಬೈದ್ರಿ. ಹೊಟ್ಟೆನೋವು ತಡ್ಕೊಂಡು ಕೆಲಸ ಮಾಡ್ತೀನಿ, ನಿಮ್ಮನ್ನ ತಡ್ಕೊಂಡು ಆಗಲ್ಲ. ಆಚೆ ಹೋಗಿ."

ಹೊಲಿಯುತ್ತಿದ್ದವರೆಲ್ಲ ತಲೆಯೆತ್ತಿದರು. ಅಬ್ಬಾ, ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು ಅವಳಿಗೆ! ಮೇಸ್ತ್ರಿ ಯಜಮಾನಿಯ ಮುಖ ನೋಡಿದ.

"ಹೋಗಿ ಅಂದಳಲ್ಲ," ಎಂದರು ಅವರು.

ಮತ್ತೆ ಮೆಷಿನ್ ಓಡಿತು. ಐವತ್ತು ಎಡ, ಐವತ್ತು ಬಲ. ಯಜಮಾನಿ ಒಂದೊಂದು ಜೊತೆಯನ್ನೂ ಕೂಡಿಸಿ ನೋಡಿದರು.

"ಟೇಬಲ್ ನಿನ್ನದೇ," ಎಂದವರು ದನಿ ತಗ್ಗಿಸಿದರು. "ನಾನೂ ಇಪ್ಪತ್ತು ವರ್ಷ ಹೊಟ್ಟೆ ಹಿಡ್ಕೊಂಡೇ ಇಲ್ಲಿ ನಿಂತಿದ್ದೆ ಕಣೇ. ಒಬ್ಬರ ಹತ್ರಾನೂ ಬಾಯಿ ಬಿಡಲಿಲ್ಲ."