ನಿಂತಲ್ಲಿ ನಿಲ್ಲದ ಕಾರು

ಓಡುವಾಗ ಆ ಕಾರನ್ನು ಯಾರೂ ಬೆರಳು ಮಾಡಿ ತೋರಿಸುವಂತಿರಲಿಲ್ಲ. ತಕರಾರೆಲ್ಲ ನಿಂತಾಗ ಮಾತ್ರ. ಸಿಗ್ನಲ್ಲಿನಲ್ಲಿ ಕೆಂಪು ದೀಪ ಕಂಡು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸಾಕು, ಚಳಿಜ್ವರ ಬಂದವರ ಹಾಗೆ ಗಡಗಡ ನಡುಗಿ, ಕೆಮ್ಮಿ, ಆಫ್ ಆಗುತ್ತಿತ್ತು. ಬಾಗಿಲು, ಗಾಜು, ನಂಬರ್ ಪ್ಲೇಟು ಎಲ್ಲ ಸೇರಿ ಎಬ್ಬಿಸುವ ಗದ್ದಲದಲ್ಲಿ ಪಕ್ಕದ ಸೀಟಿನವರ ಜೊತೆ ಮಾತಾಡಬೇಕಾದರೂ ಗಂಟಲು ಹರಿದುಕೊಳ್ಳಬೇಕು. ಇಂಥ ಕಾರಿನಲ್ಲಿ ಒಬ್ಬಳು ಜನರಿಗೆ ಡ್ರೈವಿಂಗ್ ಕಲಿಸುತ್ತಿದ್ದಳು ಎಂದರೆ ಆಕೆಯ ಧೈರ್ಯಕ್ಕೆ ಕೈ ಮುಗಿಯಬೇಕು.

ಎಲ್ಲರೂ ಅವಳನ್ನು ಟೀಚರ್ ಎನ್ನುತ್ತಿದ್ದರು. ನಲವತ್ತು ದಾಟಿದವಳು, ಮದುವೆಯಾಗದವಳು, ತಾಯಿಯ ಜೊತೆ ಇದ್ದವಳು. ಬಾಯಲ್ಲಿ ಸದಾ ಒಂದೇ ಪಾಠ: "ರೇಸ್ ಕೊಡಿ! ಬ್ರೇಕೂ ಒತ್ತಿ, ರೇಸೂ ಕೊಡಿ!" ಬಲಗಾಲಿನ ಅರ್ಧ ಬ್ರೇಕಿನ ಮೇಲೆ, ಇನ್ನರ್ಧ ಆಕ್ಸಿಲರೇಟರಿನ ಮೇಲೆ. ಈ ಕಸರತ್ತು ಕಲಿತ ಶಿಷ್ಯರು ಲೈಸೆನ್ಸ್ ಪರೀಕ್ಷೆಗೆ ಹೋಗಿ, ಅಲ್ಲಿಯ ಆರೋಗ್ಯವಂತ ಕಾರಿನಲ್ಲೂ ಅದನ್ನೇ ಮಾಡುತ್ತಿದ್ದರು. ನಿಂತ ಕಾರು ಹುಲಿಯ ಹಾಗೆ ಘರ್ಜಿಸುತ್ತಿತ್ತು. ಅದು ಸಾಲದೆಂದು, ಅಭ್ಯಾಸಬಲದಿಂದ "ಸಾರ್, ಎಡಕ್ಕೆ ತಿರುಗಿಸಲಾ?" ಎಂದು ಪರೀಕ್ಷಕನ ಕಿವಿಯ ಹತ್ತಿರ ಕಿರುಚುತ್ತಿದ್ದರು. ಆತ ಕಿವಿ ಉಜ್ಜಿಕೊಂಡು ಎಲ್ಲರನ್ನೂ ಫೇಲು ಮಾಡುತ್ತಿದ್ದ. ಸುದ್ದಿ ಹಬ್ಬಿ ಶಿಷ್ಯರು ಒಬ್ಬೊಬ್ಬರಾಗಿ ಜಾರಿಕೊಂಡರು.

ಉಳಿದವನು ಒಬ್ಬನೇ, ಗಡಿಯಾರ ರಿಪೇರಿಯವನು. ನಲವತ್ತಾರರ ಬ್ರಹ್ಮಚಾರಿ. ಅವನೂ ಫೇಲಾಗಿದ್ದ, ಮತ್ತೆ ಮತ್ತೆ ಫೇಲಾಗಿದ್ದ, ಮತ್ತು ಪ್ರತಿ ಸಲವೂ ಹಿರಿಹಿರಿ ಹಿಗ್ಗುತ್ತ ಮನೆಗೆ ಬಂದಿದ್ದ. ಯಾಕೆಂದರೆ ಪಾಸಾದವನಿಗೆ ಪಾಠ ಇರುವುದಿಲ್ಲ. ಬೆಳಿಗ್ಗೆ ಆ ಸೀಟಿನಲ್ಲಿ ಕೂತು, ಪಕ್ಕದಲ್ಲಿ ಅವಳು ಬೈಯುವುದನ್ನು ಕೇಳುವ ಸುಖ ಅವನಿಗೆ ಬೇರೆಲ್ಲೂ ಸಿಕ್ಕಿರಲಿಲ್ಲ. ಅವನಿಗೆ ಟೀಚರ್ ಮೇಲೆ ಮನಸ್ಸಾಗಿತ್ತು. ಹೇಳಲು ಬಾಯಿ ತೆರೆದಾಗಲೆಲ್ಲ "ಗೇರ್ ಯಾವುದು ಹಾಕ್ಲಿ?" ಎಂಬುದೇ ಹೊರಬರುತ್ತಿತ್ತು.

ಆ ಭಾನುವಾರ ಪಾಠಕ್ಕೆ ಬಂದವನಿಗೆ ಸಿಡಿಲು ಬಡಿದಂತಾಯಿತು.

"ಇವತ್ತೇ ಕೊನೆ, ವಾಚಿನವರೇ," ಎಂದಳು ಟೀಚರ್. "ಸಂಜೆ ಗುಜರಿಯವನು ಬಂದು ಕಾರು ಎಳ್ಕೊಂಡು ಹೋಗ್ತಾನೆ. ಅಕ್ಕ ಅವಳ ಊರಿಗೆ ಕರೀತಿದ್ದಾಳೆ. ಅಲ್ಲೊಂದು ಆಫೀಸಿನಲ್ಲಿ ಕೆಲಸ ಇದೆಯಂತೆ. ಅಮ್ಮನ್ನೂ ಕರ್ಕೊಂಡು ಹೋಗ್ತೀನಿ."

"ಮೆಕ್ಯಾನಿಕ್ ಏನಂದ?"

"ಅವನು ಮಾಡದೆ ಬಿಟ್ಟಿದ್ದಾದ್ರೂ ಏನು? ಪ್ಲಗ್ ಬದಲಾಯಿಸಿದ, ಕಾರ್ಬೊರೇಟರ್ ತೊಳೆದ. ಕೊನೆಗೆ ಅದ್ಯಾವುದೋ ಸ್ಕ್ರೂ ಬಿಗಿ ಮಾಡಿ ರೇಸ್ ಜಾಸ್ತಿ ಇಟ್ಟ. ಈಗ ಮೊದಲಿಗಿಂತ ಜೋರಾಗಿ ಕಿರುಚಿಕೊಂಡು ಆಫ್ ಆಗುತ್ತೆ, ಅಷ್ಟೇ ವ್ಯತ್ಯಾಸ."

ಕಾರು ಸರಿಹೋದರೆ ಅವಳು ಇಲ್ಲೇ ಉಳಿಯುತ್ತಾಳೆ, ಉಳಿದರೆ ಎಂದಾದರೊಂದು ದಿನ ಹೇಳಿಯೇ ಬಿಡಬಹುದು ಎಂದು ಅವನ ಹೇಡಿ ಬುದ್ಧಿ ತಟಕ್ಕನೆ ಉಪಾಯ ಹೂಡಿತು. "ಒಂದು ಸಲ ನಾನು ನೋಡ್ಲಾ, ಟೀಚರ್?" ಎಂದ.

ಮನೆಯ ಕಿಟಕಿಯಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದ ತಾಯಿ ಕಿಸಕ್ಕನೆ ನಕ್ಕಳು. "ನೋಡಪ್ಪಾ, ನೋಡು. ನನ್ನ ಅಲಾರಂ ರಿಪೇರಿ ಮಾಡಿಕೊಟ್ಟೆಯಲ್ಲ, ಅವತ್ತಿಂದ ಅದು ಇಷ್ಟ ಬಂದಾಗ ಹೊಡ್ಕೊಳ್ತಾ ಇದೆ."

ಅವನು ಕೇಳಿಸದವನ ಹಾಗೆ ಬಾನೆಟ್ ಎತ್ತಿದ. ಟೀಚರ್ ಒಳಗೆ ಕೂತು ಸ್ಟಾರ್ಟ್ ಮಾಡಿ, ಆಫ್ ಆಗದಿರಲೆಂದು ಸಣ್ಣಗೆ ರೇಸ್ ಕೊಡುತ್ತಿದ್ದಳು. ಕಾರು ನಡುಗಿತು, ಬೀದಿಯೇ ನಡುಗಿತು. ಎದುರು ಮನೆಯ ನರ್ಸ್ ಬಾಲ್ಕನಿಗೆ ಬಂದಳು. ಮೇಲಿನ ಮನೆಯ ನಿವೃತ್ತ ಪೋಸ್ಟ್‌ಮ್ಯಾನ್ ಕುರ್ಚಿ ಸಮೇತ ತನ್ನ ಬಾಲ್ಕನಿಗೆ ಬಂದ.

ಮೊದಲು ಒಂದು ಪ್ಲಗ್ಗಿನ ವೈರನ್ನು ಕಿತ್ತು ನೋಡೋಣ ಎಂದು ಕೈ ಹಾಕಿದ. ಕರೆಂಟು ಮೊಣಕೈವರೆಗೆ ಜಿಗಿದು, ಅವನು ಎರಡು ಅಡಿ ಹಿಂದಕ್ಕೆ ಹಾರಿದ.

"ಕುಣಿಯೋದು ಆಮೇಲೆ, ಮೊದಲು ಕೆಲಸ!" ಎಂದಳು ತಾಯಿ.

ಆಮೇಲೆ ಬಟ್ಟೆ ಸುತ್ತಿಕೊಂಡು ಒಂದೊಂದೇ ವೈರ್ ತೆಗೆದು ಹಾಕಿದ. ಯಾವುದನ್ನು ತೆಗೆದರೂ ಎಂಜಿನ್ ಒಂದೇ ರೀತಿ ಇನ್ನಷ್ಟು ಮುಗ್ಗರಿಸಿತು. ಅಂದರೆ ನಾಲ್ಕೂ ಸಿಲಿಂಡರ್‌ಗಳು ದುಡಿಯುತ್ತಿವೆ, ಸೋಮಾರಿ ಯಾರೂ ಇಲ್ಲ. ಪೆಟ್ರೋಲೂ ಸರಿಯಾಗಿ ಬರುತ್ತಿತ್ತು. ಹಾಗಾದರೆ ಗಾಳಿ? ಎಲ್ಲಿಂದಲೋ ಕಳ್ಳಗಾಳಿ ಒಳಗೆ ಹೋಗುತ್ತಿದ್ದರೆ?

ಗಡಿಯಾರ ಕೆಟ್ಟಾಗ ಅವನು ಮೊದಲು ಬಿಚ್ಚುವುದಿಲ್ಲ, ಕೇಳುತ್ತಾನೆ. ಗಿಡಕ್ಕೆ ನೀರು ಬಿಡುವ ರಬ್ಬರ್ ಪೈಪಿನ ಒಂದು ತುಂಡು ಅಂಗಳದಲ್ಲಿ ಬಿದ್ದಿತ್ತು. ಅದರ ಒಂದು ತುದಿಯನ್ನು ಬಲಗಿವಿಗೆ ಸಿಕ್ಕಿಸಿಕೊಂಡ. ಎಡಗಿವಿಗೆ ನರ್ಸ್ ಬಾಲ್ಕನಿಯಿಂದ ಹತ್ತಿ ಎಸೆದಳು, ಅದನ್ನು ಗಟ್ಟಿಯಾಗಿ ತುರುಕಿಕೊಂಡ. ಈಗ ಪ್ರಪಂಚವೆಲ್ಲ ಮಾಯ, ಕಿವಿಯೊಳಗೆ ಎಂಜಿನ್ ಒಂದೇ. ಅವನು ಪೈಪಿನ ಇನ್ನೊಂದು ತುದಿಯನ್ನು ಎಂಜಿನ್ನಿನ ಮೇಲೆ ಇಂಚಿಂಚಾಗಿ ಓಡಿಸಿದ. ಟಕಟಕ. ಕಟಕಟ. ಗುರ್‌ಗುರ್. ಬ್ರೇಕಿನ ಕಡೆಯಿಂದ ಎಂಜಿನ್ ಗಾಳಿ ಹೀರುವ ದಪ್ಪ ವ್ಯಾಕ್ಯೂಮ್ ಪೈಪಿನ ಬುಡಕ್ಕೆ ಬಂದಾಗ ಕೇಳಿಸಿತು: ಸ್ಸ್ಸ್ಸ್.

ಬಗ್ಗಿ ನೋಡಿದ. ಪೈಪು ಮೇಲಿನಿಂದ ನೋಡಿದರೆ ಸಾಧು. ಕೆಳಗೆ, ಬಾಗಿದ ಕಡೆ, ಉಗುರಿನಷ್ಟುದ್ದ ಬಾಯಿ ಬಿಟ್ಟುಕೊಂಡಿತ್ತು. ಜೋರಾಗಿ ಓಡುವಾಗ ಎಂಜಿನ್ ಎದೆ ತುಂಬ ಉಸಿರೆಳೆಯುವುದರಿಂದ ಆ ಚೂರು ಗಾಳಿ ಲೆಕ್ಕಕ್ಕಿರಲಿಲ್ಲ. ನಿಂತಾಗ ಅಷ್ಟೇ ಗಾಳಿ ಹೆಚ್ಚಾಗಿ, ಪೆಟ್ರೋಲ್ ಸಾಲದೆ, ಪಾಪ, ಅದು ನಡುಗುತ್ತಿತ್ತು.

ಅವನು ತೋರುಬೆರಳನ್ನು ಬಿರುಕಿನ ಮೇಲೆ ಒತ್ತಿದ.

ನಡುಕ ಅಲ್ಲೇ ನಿಂತಿತು. ಎಂಜಿನ್ ಒಮ್ಮೆ ಭೋರೆಂದು ಮೇಲೇರಿತು. ಟೀಚರ್ ಬೆಚ್ಚಿ ಕಾಲು ತೆಗೆದರೂ ಇಳಿಯಲಿಲ್ಲ. ಮೆಕ್ಯಾನಿಕ್ ಬಿಗಿ ಮಾಡಿದ ಸ್ಕ್ರೂ ಇತ್ತಲ್ಲ. ಅವನು ಎಡಗೈಯಿಂದ ಜೇಬಿನ ಪುಟ್ಟ ಸ್ಕ್ರೂ ಡ್ರೈವರ್ ತೆಗೆದು ಅದನ್ನು ಕೂದಲೆಳೆಯಷ್ಟಷ್ಟೇ ಸಡಿಲಿಸುತ್ತ ಬಂದ. ರಬ್ಬರ್ ಪೈಪನ್ನು ಭುಜಕ್ಕೂ ಕೆನ್ನೆಗೂ ನಡುವೆ ಅವುಚಿಕೊಂಡಿದ್ದ, ಅದರ ಆಚೆ ತುದಿ ಎಂಜಿನ್ನಿಗೆ ಆನಿಕೊಂಡೇ ಇತ್ತು. ಕಿವಿಯೊಳಗೆ ಒಂದೇ ಸಮ, ಒಂದೇ ತಾಳ, ಹೊಸ ಗಡಿಯಾರದಂಥ ಓಟ! ಅವನಿಗೆ ಹುಚ್ಚು ಹಿಡಿಯುವುದೊಂದು ಬಾಕಿ. ಮೂರು ವರ್ಷ ಸತ್ತು ಸತ್ತು ಬದುಕಿದ ಕಾರು ತನ್ನ ಒಂದು ಬೆರಳಿಗೆ ಮಾತು ಕೇಳುತ್ತಿದೆ! ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಈ ಕ್ಷಣ ಅವನಿಗೆ ಸಾಧ್ಯವಿಲ್ಲದ್ದು ಅಂತ ಯಾವುದೂ ಇರಲಿಲ್ಲ. ನಡುವೆ ಬಾನೆಟ್ ಬೇರೆ ಗೋಡೆಯ ಹಾಗೆ ನಿಂತಿತ್ತು, ಅವಳ ಮುಖ ಕಾಣುತ್ತಿರಲಿಲ್ಲ. ಹೇಡಿಗೆ ಇದಕ್ಕಿಂತ ಒಳ್ಳೆಯ ಮುಹೂರ್ತ ಇನ್ನೆಲ್ಲಿ?

ಕಿವಿಯೊಳಗೆ ಎಂಜಿನ್ ಇನ್ನೂ ಗುಡುಗುತ್ತಿತ್ತು. ಆ ಗದ್ದಲ ದಾಟಿ ಅವಳಿಗೊಬ್ಬಳಿಗೆ ಕೇಳಿಸಲಿ ಎಂದು ಅವನು ಶ್ವಾಸಕೋಶದಲ್ಲಿದ್ದ ಅಷ್ಟೂ ಉಸಿರನ್ನು ಒಟ್ಟು ಮಾಡಿ ಕೂಗಿದ.

"ಟೀಚರ್! ನೀವು ಊರು ಬಿಟ್ಟು ಹೋಗಬೇಡಿ! ನನಗೆ ಲೈಸೆನ್ಸೂ ಬೇಡ, ಮಣ್ಣೂ ಬೇಡ! ನೀವು ದಿನಾ ಬೈದ್ರೆ ಸಾಕು! ನನಗೆ ನಿಮ್ಮನ್ನ ಕಂಡ್ರೆ ಪ್ರಾಣ! ನನ್ನ ಮದುವೆ ಆಗ್ತೀರಾ?"

ಕೇಳಿಸಲಿಲ್ಲವೇನೋ ಎಂದು ಇನ್ನೂ ಜೋರಾಗಿ, "ಮದುವೆ, ಟೀಚರ್! ಮದುವೆ!" ಎಂದ.

ಆಗ ಕಿಟಕಿಯ ಕಡೆ ಕಣ್ಣು ಹೋಯಿತು. ತಾಯಿಯ ಕೈಯಲ್ಲಿ ಬಟಾಣಿ ಸಿಪ್ಪೆ ಹಾಗೇ ನಿಂತಿತ್ತು. ನರ್ಸ್ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಪೋಸ್ಟ್‌ಮ್ಯಾನ್ ಕುರ್ಚಿಯಿಂದ ಎದ್ದು ನಿಂತಿದ್ದ. ದಾರಿಯಲ್ಲಿ ಹೋಗುತ್ತಿದ್ದ ಎರಡು ಸೈಕಲ್ಲುಗಳು ನಿಂತಿದ್ದವು. ಅವನು ತಲೆ ಕೊಡವಿದ. ರಬ್ಬರ್ ಪೈಪು ಕಿವಿಯಿಂದ ಜಾರಿ ಬಿತ್ತು. ಎಡಗೈಯಿಂದ ಹತ್ತಿ ಕಿತ್ತ.

ಬೀದಿಯಲ್ಲಿ ಪಿಟ್ಟೆನ್ನುವ ಸದ್ದಿರಲಿಲ್ಲ. ಕಾರು ಚಾಲೂ ಇತ್ತು, ಆದರೆ ಮಲಗಿದ ಮಗುವಿನ ಉಸಿರಿನಷ್ಟು ಮೆತ್ತಗೆ. ಅವನೇ, ಅವನ ಕೈಯಾರೆ, ಅದನ್ನು ಸುಮ್ಮನಾಗಿಸಿದ್ದ. ಆಮೇಲೆ ಆ ನಿಶ್ಶಬ್ದದಲ್ಲಿ ನಿಂತು ಇಡೀ ಬೀದಿಗೆ ಡಂಗುರ ಸಾರಿದ್ದ.

ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕಾಲಿಗೆ ಬುದ್ಧಿ ಹೇಳೋಣವೆಂದರೆ ಬೆರಳು ಬಿಡುವಂತಿಲ್ಲ, ಬಿಟ್ಟರೆ ಕಾರು ಆಫ್. ಬಿರುಕಿನ ಪೈಪು ಬೇರೆ ಕಾದು ಬೆರಳು ಚುರುಗುಟ್ಟುತ್ತಿತ್ತು. ಅವನು ಅಲ್ಲೇ ಬಗ್ಗಿ ನಿಂತ, ಕಿವಿ ಕೆಂಪಾಗಿ, ಕಣ್ಣು ಮುಚ್ಚಿ. ಅವಳು ಬೇಡ ಎಂದರೆ ಇನ್ನು ಈ ಬೀದಿಗೆ ಕಾಲಿಡುವುದು ಹೇಗೆ ಎಂದು ಒಳಗೊಳಗೇ ಕುಸಿಯುತ್ತಿದ್ದ.

"ವಾಚಿನವರೇ."

ಬಾನೆಟ್ಟಿನ ಆಚೆಯಿಂದ ಬಂದ ಆ ದನಿ ಅವನಿಗೆ ಗುರುತು ಸಿಗಲಿಲ್ಲ. ಅವಳ ಕಿರುಚಾಟ ಅವನಿಗೆ ಬಾಯಿಪಾಠ. ಆ ಕಾರಿನೊಳಗಿಂದ ಅವಳು ಮೆಲ್ಲಗೆ ಮಾತಾಡಿದ್ದನ್ನು ಅವನು ಕೇಳಿದ್ದು ಇದೇ ಮೊದಲು. ಎಷ್ಟು ಹಿತವಾದ ದನಿ! ಸ್ವಲ್ಪ ನಡುಗುತ್ತಲೂ ಇತ್ತು.

"ಇಷ್ಟು ದಿನ ಏನ್ ಮಾಡ್ತಿದ್ರಿ? ನಾನು ಕಾಯ್ತಾನೇ ಇದ್ದೆ," ಎಂದಳು ಅವಳು. ಆಮೇಲೆ ಇನ್ನೂ ಸಣ್ಣಗೆ, "ಹೂಂ," ಎಂದಳು.

ಅವನಿಗೆ ಅದು ಸ್ಪಷ್ಟವಾಗಿ ಕೇಳಿಸಿತು. ಸಂತೋಷಕ್ಕೆ ಕಣ್ಣಲ್ಲಿ ನೀರೇ ಬಂತು.

"ಏನಂದ್ಲು? ಏನಂದ್ಲು?" ಮೇಲಿನಿಂದ ಪೋಸ್ಟ್‌ಮ್ಯಾನ್ ಚಡಪಡಿಸಿದ. "ನಮಗೆ ಏನೂ ಕೇಳಿಸ್ಲಿಲ್ಲ!"

"ಹೂಂ ಅಂದ್ರು!" ಎಂದು ಅವನು ಎರಡೂ ಕೈ ಮೇಲೆತ್ತಿ ಅರಚಿದ.

ಬೀದಿಗೆ ಬೀದಿಯೇ ಹೋ ಎಂದಿತು. ತಾಯಿ ಬಟಾಣಿಯ ತಟ್ಟೆಯನ್ನು ಮಡಿಲಿಂದ ಚೆಲ್ಲಿಕೊಂಡು ನಗುತ್ತ ಎದ್ದಳು. ಟೀಚರ್ ಬಾಗಿಲು ತೆರೆದು ಇಳಿದು ಬಂದು ಅವನೆದುರು ನಿಂತಳು, ಸುಟ್ಟ ಬೆರಳನ್ನು ಹಿಡಿದು ಉಫ್ ಉಫ್ ಎಂದು ಊದತೊಡಗಿದಳು. ಕಾರು ಆಫ್ ಆದದ್ದು ಇಬ್ಬರಿಗೂ ಗೊತ್ತೇ ಆಗಲಿಲ್ಲ.