ಎಡಗೈಗೆ ಎಷ್ಟು ಅಂಕ

"ಅಂಕ ಅಂತ ಒಂದು ಇರದಿದ್ರೆ ನಿನ್ನನ್ನ ಆವತ್ತು ಯಾರಮ್ಮಾ ಒಳಗೆ ಬಿಡ್ತಿದ್ರು?" ಎಂದರು ಭಾವ, ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತ.

ಡಾಕ್ಟ್ರಮ್ಮ ಮುಂದಿದ್ದ ಅರ್ಜಿಗಳ ಕಟ್ಟನ್ನು ಪಕ್ಕಕ್ಕೆ ಸರಿಸಿದರು. ಮಿದುಳಿನ ಶಸ್ತ್ರಚಿಕಿತ್ಸೆ ವಿಭಾಗಕ್ಕೆ ಅವರೇ ಮುಖ್ಯಸ್ಥೆ. ಭಾವ ಅವರ ಅಕ್ಕನ ಗಂಡ, ಅದೇ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ಹಿಂದೊಮ್ಮೆ ಆಪರೇಷನ್ ನಡುವೆ ಬಾಯ್ತಪ್ಪಿ "ಭಾವ, ಬಿಪಿ ಎಷ್ಟು?" ಎಂದು ಕೇಳಿದ್ದೇ ಕೇಳಿದ್ದು, ಆವತ್ತಿನಿಂದ ನರ್ಸುಗಳಿಂದ ಹಿಡಿದು ಲಿಫ್ಟಿನವನವರೆಗೆ ಎಲ್ಲರ ಬಾಯಲ್ಲೂ ಅವರು ಭಾವನೇ.

"ಯಾರೂ ಬಿಡ್ತಿರಲಿಲ್ಲ," ಎಂದರು ಡಾಕ್ಟ್ರಮ್ಮ. "ನನ್ನ ಕಾಲೇಜಿನ ಹೆಸರು ಕೇಳಿದ್ರೆ 'ಅದೆಲ್ಲಿದೆ?' ಅಂತಿದ್ರು. ಅಂಕ ನೋಡಿ ಬಾಯಿ ಮುಚ್ಚಿಕೊಂಡ್ರು."

"ಮತ್ತೆ ಆ ಅಂಕಾನೇ ತೆಗೆದುಹಾಕಬೇಕು ಅಂತ ಕೈ ಎತ್ತಿದವಳೂ ನೀನೇ."

ಅದೂ ನಿಜವೇ. ಮುಂದಿನ ತರಬೇತಿಯ ಸೀಟಿಗೆ ಎಲ್ಲರೂ ಬರೆಯಬೇಕಾದ ಪರೀಕ್ಷೆ ಅದು; ಅದರ ಅಂಕಕ್ಕಾಗಿ ಡಾಕ್ಟರಿಕೆ ಓದುವ ಮಕ್ಕಳು ವಾರ್ಡಿಗೆ ಬರುವುದನ್ನೇ ಬಿಟ್ಟು ಪುಸ್ತಕದಲ್ಲಿ ಮುಖ ಹುದುಗಿಸಿ ಸೊರಗುತ್ತಿದ್ದರು. ಕಡೆಗೆ ಮೇಲಿನವರು ಅಂಕವನ್ನೇ ಕಿತ್ತುಹಾಕಿದರು. ಈಗ ಪಾಸು, ಇಲ್ಲವೇ ನಪಾಸು, ಅಷ್ಟೇ. ಬರೆದವರಿಗೂ ತಮಗೆಷ್ಟು ಬಂತೆಂದು ಗೊತ್ತಾಗುವುದಿಲ್ಲ. ಒಳ್ಳೆಯದೇ ಆಯಿತು ಎಂದುಕೊಂಡಿದ್ದರು ಡಾಕ್ಟ್ರಮ್ಮ, ಅರ್ಜಿಗಳು ಬರುವವರೆಗೆ. ವಿಭಾಗದಲ್ಲಿ ತರಬೇತಿಗೆ ಇರುವುದು ಒಂದೇ ಸೀಟು. ಅರ್ಜಿ ಹಾಕಿದವರೆಲ್ಲ ಪಾಸು. ಒಬ್ಬೊಬ್ಬರ ಹಿಂದೆಯೂ ಮದುವೆ ದಿಬ್ಬಣದಂತೆ ಸಂಶೋಧನಾ ಲೇಖನಗಳ ಸಾಲು. ಶಿಫಾರಸು ಪತ್ರಗಳನ್ನು ಓದಿದರೆ ಊರಿನ ಮಕ್ಕಳೆಲ್ಲ ಬಂಗಾರ. ಹಾಗೂ ಹೀಗೂ ಜರಡಿ ಹಿಡಿದು ಐದು ಜನರನ್ನು ಉಳಿಸಿಕೊಂಡಿದ್ದರು. ಆ ಐವರಲ್ಲಿ ಯಾರು?

ದಾರಿ ತೋರಿಸಿದ್ದು ತಕ್ಕಡಿ. ವಿಭಾಗದ ಕಿರಿಯ ಸರ್ಜನ್ ಅವನು. ಏನನ್ನೂ ತೂಗದೆ ಒಪ್ಪುವವನಲ್ಲ, ಅದಕ್ಕೇ ಆ ಅಡ್ಡಹೆಸರು. "ಮೇಡಂ, ಕಾಗದ ಸುಳ್ಳು ಹೇಳಬಹುದು, ಕೈ ಹೇಳಲ್ಲ," ಎಂದವನೇ ಎತ್ತರದ ಲೋಟದ ತಳಕ್ಕೆ ಒಂದು ಕೊಕ್ಕೆ ಅಂಟಿಸಿದ. ಸೂಜಿ ಹಿಡಿಯುವ ಇಕ್ಕಳದಿಂದ, ಲೋಟದ ಅಂಚಿಗೆ ತಾಗಿಸದೆ, ಆ ಕೊಕ್ಕೆಗೆ ದಾರದ ಗಂಟು ಹಾಕಬೇಕು. ಗಡಿಯಾರ ಓಡುತ್ತಿರುತ್ತದೆ. ಗಂಟಿಗಿಷ್ಟು ಅಂಕ, ಅಂಚು ತಾಗಿದರೆ ಇಷ್ಟು ಕಡಿತ.

ಬೆಳಿಗ್ಗೆ ಐವರೂ ಗಂಟು ಹಾಕಿ ಹೋಗಿದ್ದರು. ಕೊನೆಯ ಸ್ಥಾನಕ್ಕೆ ಬಿದ್ದವಳು ಒಂದು ಸಣ್ಣ ಕಾಲೇಜಿನ ಹುಡುಗಿ. ಅಲ್ಲಿ ಮಿದುಳಿನ ವಿಭಾಗವೇ ಇಲ್ಲ. ಹೋದ ವರ್ಷ ಬೇರೊಂದು ಆಸ್ಪತ್ರೆಗೆ ಅರ್ಜಿ ಹಾಕಿದ್ದಳು, ಸೀಟು ಸಿಕ್ಕಿರಲಿಲ್ಲ. ಈ ಸಲವೂ ತಪ್ಪಿದರೆ ಈ ಆಸೆ ಬಿಟ್ಟು ಬೇರೆ ಶಾಖೆ ಹಿಡಿಯುತ್ತೇನೆಂದು ಸಂದರ್ಶನದಲ್ಲಿ ನೇರವಾಗಿಯೇ ಹೇಳಿದ್ದಳು.

"ಅವಳ ಹೆಸರು ಹೊಡೆದುಹಾಕಲಾ ಮೇಡಂ?" ಮೇಜಿನಾಚೆ ಪಟ್ಟಿ ಹಿಡಿದು ಕೂತಿದ್ದ ತಕ್ಕಡಿ ಕೇಳಿದ.

"ತಡಿಯಪ್ಪ," ಎಂದರು ಡಾಕ್ಟ್ರಮ್ಮ. ಏನೋ ಒಂದು ಅವರ ಮನಸ್ಸನ್ನು ಕೆರೆಯುತ್ತಿತ್ತು. ಹುಡುಗಿಯ ಗಂಟುಗಳು ಕಡಿಮೆ, ಆದರೆ ಒಂದೂ ಸಡಿಲವಿರಲಿಲ್ಲ. ದಾರವನ್ನು ಬೆರಳಲ್ಲಿ ಹಿಡಿದಾಗ ಅಷ್ಟು ಚುರುಕು, ಇಕ್ಕಳ ಕೈಗೆ ಬಂದರೆ ಅಷ್ಟೇ ತಡವರಿಕೆ. ಒಬ್ಬಳಲ್ಲೇ ಇಬ್ಬರು ಹೇಗೆ? "ಹೊರಗೆ ಕೂತಿರ್ತಾಳೆ, ಒಳಗೆ ಕರಿ. ಕೇಳೇಬಿಡೋಣ."

ಹುಡುಗಿ ಬಂದು ನಿಂತಳು. ಮುಖ ನೋಡಿದರೆ ಬೈಗುಳಕ್ಕೆ ತಯಾರಾಗಿ ಬಂದಂತಿತ್ತು.

"ಕೂತ್ಕೋಮ್ಮಾ. ಒಂದು ವಿಷಯ ಹೇಳು. ಇಕ್ಕಳ ಕಂಡ್ರೆ ಯಾಕೆ ನಿಂಗೆ ಅಷ್ಟು ಮುನಿಸು?"

ಹುಡುಗಿ ನೆಲ ನೋಡುತ್ತಲೇ ಹೇಳಿದಳು. "ನಾನು ಎಡಗೈಯವಳು ಮೇಡಂ. ಈ ಇಕ್ಕಳ ಬಲಗೈಗೆ ಅಂತ ಮಾಡಿದ್ದು. ಎಡಗೈಲಿ ಒತ್ತಿದ್ರೆ ಹಿಡಿಯ ಲಾಕು ಬಿಡಲ್ಲ. ಇನ್ನೂ ಕಚ್ಚಿಕೊಳ್ಳುತ್ತೆ."

"ಅಯ್ಯೋ ಶಿವನೇ!" ಭಾವ ತೊಡೆ ತಟ್ಟಿಕೊಂಡು ನಕ್ಕರು. "ಇಷ್ಟು ವರ್ಷ ಇದೇ ಇಕ್ಕಳದ ಟಕ್ ಟಕ್ ಕೇಳ್ಕೊಂಡೇ ನಿದ್ದೆ ತಡ್ಕೊಂಡಿದೀನಿ. ಅದಕ್ಕೂ ಎಡ-ಬಲ ಇದೆ ಅಂತ ಇವತ್ತು ಗೊತ್ತಾಯ್ತು ನೋಡು!"

ಡಾಕ್ಟ್ರಮ್ಮ ಆಗಲೇ ಇಕ್ಕಳವನ್ನು ಎಡಗೈಗೆ ತೆಗೆದುಕೊಂಡಾಗಿತ್ತು. ಬಲಗೈ ಹೆಬ್ಬೆರಳು ಸುಮ್ಮನೆ ಸೋಕಿದರೆ ಬಿಡುವ ಲಾಕು ಈಗ ಹಠ ಹಿಡಿದ ಎಮ್ಮೆಯಂತೆ ಜಪ್ಪಯ್ಯ ಅನ್ನಲಿಲ್ಲ. ಜೋರಾಗಿ ತಿರುಚಿದರು. ಲೋಟ ಉರುಳಿತು. ತಕ್ಕಡಿ ತಾನು ಮಾಡುತ್ತೇನೆಂದು ಕಿತ್ತುಕೊಂಡ. ಅವನ ಗತಿಯೂ ಅಷ್ಟೇ. ದೊಡ್ಡ ದೊಡ್ಡ ತಲೆಗಳನ್ನು ಬಿಚ್ಚಿ ಹೊಲಿದ ಇಬ್ಬರೂ ಒಂದು ಇಕ್ಕಳದ ಮುಂದೆ ಬೆವರಿದರು.

"ಸರಿ," ಎಂದ ತಕ್ಕಡಿ, ಕನ್ನಡಕ ಮೇಲಕ್ಕೇರಿಸುತ್ತ. "ಎಡಗೈಗೆ ಅಂತ ಸ್ವಲ್ಪ ಅಂಕ ಸೇರಿಸೋಣ. ಎಷ್ಟು ಸೇರಿಸಿದ್ರೆ ನ್ಯಾಯ ಅಂತ…"

"ನಿನ್ನ ತಕ್ಕಡಿ ಕೆಳಗಿಡೋ ಮಾರಾಯ!" ಎಂದರು ಭಾವ.

ಡಾಕ್ಟ್ರಮ್ಮ ನಗಲಿಲ್ಲ. ಅವರ ಕುತೂಹಲ ಈಗ ಇನ್ನೊಂದು ಕಡೆ ತಿರುಗಿತ್ತು. "ಬೆಳಿಗ್ಗೆನೇ ಯಾಕೆ ಹೇಳಲಿಲ್ಲ ನೀನು? ನಾಳೆ ಥಿಯೇಟರಲ್ಲಿ ಒಬ್ಬರ ತಲೆ ತೆರೆದಿಟ್ಟಿರ್ತೀವಿ. ಕೈಲಿರೋ ಸಾಮಾನು ಸರಿಯಿಲ್ಲ ಅಂತ ಗೊತ್ತಿದ್ದೂ ಸುಮ್ಮನಿರೋರು ನನಗೆ ಬೇಡ."

ಹುಡುಗಿಯ ಕಿವಿ ಕೆಂಪಾಯಿತು. ಆದರೆ ಈ ಸಲ ಅವಳು ನೆಲ ನೋಡಲಿಲ್ಲ. "ಹೇಳಿದ್ರೆ ನೆಪ ಹೇಳ್ತಿದಾಳೆ ಅಂದ್ಕೊಳ್ತಿದ್ರಿ ಮೇಡಂ. ಅಂಕದ ಪರೀಕ್ಷೆ ಆಗಿದ್ರೆ ಯಾವ ಕೈಲಿ ಬರೆದೆ ಅಂತ ಯಾರೂ ಕೇಳ್ತಿರಲಿಲ್ಲ. ನಾನು ಹಗಲೂ ರಾತ್ರಿ ಓದಿದ್ದು ಆ ಅಂಕಕ್ಕೇ. ನಾನು ಬರೆದ ವರ್ಷವೇ ತೆಗೆದುಬಿಟ್ರು. ಇಲ್ಲಿ ನನಗೆ ಗುರುತಿನವರಿಲ್ಲ, ಹೇಳಿಕೊಳ್ಳೋ ಕಾಲೇಜಿಲ್ಲ. ಒಂದು ಇಕ್ಕಳದ ಮೇಲೆ ದೂರು ಹೇಳೋ ಧೈರ್ಯ ಎಲ್ಲಿಂದ ತರಲಿ?"

ಭಾವನ ಬಿಸ್ಕತ್ತು ಮುರಿದು ಚಹಾದೊಳಗೆ ಮುಳುಗಿತು.

ತಾನು ಆ ವಯಸ್ಸಿನಲ್ಲಿ ಅಂಕವಿಲ್ಲದೆ ಬರಿಗೈಯಲ್ಲಿ ಈ ಬಾಗಿಲಿಗೆ ಬಂದಿದ್ದರೆ ಬಾಯಿ ತೆರೆಯುತ್ತಿದ್ದೆನೇ? ಡಾಕ್ಟ್ರಮ್ಮ ನಿಜವಾಗಿಯೂ ಯೋಚಿಸಿದರು. ಗೊತ್ತಾಗಲಿಲ್ಲ. ತಾನು ಬಾಯಿ ತೆರೆಯುವವಳೋ ಅಲ್ಲವೋ ಎಂಬುದನ್ನು ಆ ಹಳೆಯ ಅಂಕ ಹೇಳಿಯೇ ಇರಲಿಲ್ಲವಲ್ಲ, ಎಂದುಕೊಂಡರು. ಲೋಟವೂ ಇವಳ ಬಗ್ಗೆ ಹೇಳಲಿಲ್ಲ. ಕರೆದು ಕೇಳಿದ್ದಕ್ಕೆ ಇಷ್ಟು ತಿಳಿಯಿತು. ಉಳಿದ ನಾಲ್ವರನ್ನು ಹೀಗೆ ಯಾರು ಕೇಳಿದರು?

"ತಕ್ಕಡಿ, ಬೆಳಗಿನ ಅಂಕ ಯಾರದ್ದೂ ಹಿಡಿಯೋದು ಬೇಡ. ನಾಳೆಯಿಂದ ಐದೂ ಜನ ಒಬ್ಬೊಬ್ಬರಾಗಿ ನನ್ನ ಜೊತೆ ಒಂದೊಂದು ಆಪರೇಷನ್‌ಗೆ ನಿಲ್ಲಲಿ. ನಾನು ಮಾಡ್ತೀನಿ, ಅವರು ನೋಡಲಿ, ಕೇಳಲಿ. ಆಮೇಲೆ ಕೂತು ಮಾತಾಡೋಣ."

"ಅದನ್ನ ತೂಗೋದು ಹೇಗೆ ಮೇಡಂ?"

"ಗೊತ್ತಿಲ್ಲಪ್ಪ. ನೋಡೇ ತಿಳ್ಕೋಬೇಕು." ಹುಡುಗಿಯ ಕಡೆ ತಿರುಗಿದರು. "ನಾಳೆ ಮೊದಲು ನೀನು. ಎಡಗೈ ಇಕ್ಕಳ ಸ್ಟೋರಲ್ಲಿ ಇದ್ರೂ ಇರಬಹುದು, ಮುಂದೆ ಬೇಕಾದ್ರೆ ಅಂತ ಹುಡುಕಿಸ್ತೀನಿ. ಸೀಟು ಕೊಟ್ಟೆ ಅಂತಲ್ಲ, ತಿಳೀತಾ? ಇನ್ನೇನಾದ್ರೂ ಹೇಳೋದಿದ್ರೆ ಈಗಲೇ ಹೇಳಿಬಿಡು."

ಹುಡುಗಿ ಬಾಗಿಲವರೆಗೆ ಹೋದವಳು ನಿಂತಳು. ತಿರುಗಿ ನೋಡಿದಳು.

"ನೀವು ತುಂಬಾ ಎತ್ತರ ಇದ್ದೀರಿ ಮೇಡಂ. ನಿಮ್ಮ ಎತ್ತರಕ್ಕೆ ಆಪರೇಷನ್ ಟೇಬಲ್ ಇಟ್ರೆ ನನಗೆ ಏನೂ ಕಾಣಿಸಲ್ಲ."

ಭಾವ ಕೆಮ್ಮಿದರು. ಡಾಕ್ಟ್ರಮ್ಮ ಫೋನೆತ್ತಿ ಥಿಯೇಟರಿನ ನರ್ಸಿಗೆ, ನಾಳೆ ಬೆಳಿಗ್ಗೆ ಹುಡುಗಿ ಹತ್ತಿ ನಿಲ್ಲಲು ಒಂದು ಮಣೆ ತಂದಿಡುವಂತೆ ಹೇಳಿದರು.