ಕಲ್ಲಿನ ಸದ್ದು ತೆಗೆಯಿರಿ ಎಂದರು

ನಾನು ಇಂಡಿ ಊರಿನ ಶಾಲೆಯ ನೌಕರಿ ಬಿಟ್ಟು ಕ್ಯಾಮೆರಾ ಹಿಡಿದಾಗ ಮನೆಯವರು, ಇಂದೂಬಾಯಿಗೆ ತಲೆ ಕೆಟ್ಟಿದೆ ಎಂದರು. ಕೆಟ್ಟಿರಲಿಲ್ಲ. ಹೀರೊ ಇಲ್ಲದ, ಕುಣಿತವಿಲ್ಲದ, ಇದ್ದವರನ್ನು ಇದ್ದ ಹಾಗೆ ತೋರಿಸುವ ಸಿನಿಮಾ ನನಗೆ ಬೇಕಿತ್ತು. ೧೯೭೬ರಲ್ಲಿ ಚಿತ್ರ ಹಂಚುವ ಮುಂಬಯಿಯ ಕಂಪನಿಯೊಂದು ನನ್ನ ಮೊದಲ ಚಿತ್ರ ನೋಡಲು ಒಪ್ಪಿತು. ಅವರು ತೆಗೆದುಕೊಂಡರೆ ನಾನು ಚಿತ್ರ ಮಾಡುವವಳು, ಇಲ್ಲವಾದರೆ ಮತ್ತೆ ಮಗ್ಗಿ ಹೇಳಿಕೊಡುವವಳು.

ಚಿತ್ರ ಕನ್ನೊಳ್ಳಿಯ ಕುರಿಗಾರರ ಮನೆಯ ತಿಪ್ಪವ್ವನದು. ಊರಿಗೆ ಹಿಟ್ಟಿನ ಗಿರಣಿ ಬಂದರೂ ಆಕೆ ಪದ ಹಾಡುತ್ತ ಬೀಸುಕಲ್ಲಿನಲ್ಲೇ ಜೋಳ ಬೀಸುತ್ತಿದ್ದಳು. ಧ್ವನಿ ಹಿಡಿಯುವ ನಮ್ಮ ವಾಸುದೇವ, ಕಲ್ಲಿನ ಗುರುಗುರು ಬೇಡ, ಪದವನ್ನಷ್ಟೇ ಹಿಡಿಯೋಣ ಎಂದ. ಆಕೆಯನ್ನು ಕಲ್ಲಿಲ್ಲದೆ ಮೈಕಿನ ಮುಂದೆ ಕೂರಿಸಿದೆವು. ಎರಡೇ ನುಡಿಗೆ ಪದ ಕೈಕೊಟ್ಟಿತು. ಕೈ ಆಡದೆ ಆಕೆಗೆ ನೆನಪಾಗುವುದಿಲ್ಲ. ಹಾಗಾದರೆ ಖಾಲಿ ಕಲ್ಲನ್ನೇ ತಿರುವು, ಹಿಟ್ಟು ಯಾರಿಗೆ ಬೇಕಾಗಿದೆ ಎಂದೆ. ತಿಪ್ಪವ್ವ ಎದ್ದೇ ನಿಂತಳು.

“ಖಾಲಿ ಕಲ್ಲ ತಿರುವಬಾರದ್ರಿ ಬಾಯಾರ. ಮನ್ಯಾಗ ಕಾಳು ಉಳಿಯೂದಿಲ್ಲ.”

ನಮ್ಮ ಮನೆಯಲ್ಲೂ ಇದೇ ಮಾತಿತ್ತು. ನಾಚಿಕೆಯಾಯಿತು, ಸಿಟ್ಟೂ ಬಂತು. ಸಿಟ್ಟನ್ನು ವಾಸುದೇವನ ಮೇಲೆ ತೀರಿಸಿಕೊಂಡೆ. ಹಿಡಿ ಜೋಳ ಬಿದ್ದು ಕಲ್ಲು ತಿರುಗಿದ್ದೇ ತಡ, ಪದ ತಡೆಯಿಲ್ಲದೆ ಬಂತು. ಗುರುಗುರು ಸಮೇತ ಹಿಡಿದೆವು.

ಮುಂಬಯಿಯವರು ನೋಡಿದರು, ಹೊಗಳಿದರು, ಚಹಾ ಕೊಟ್ಟರು. ಆಮೇಲೆ, ಕಲ್ಲಿನ ಸದ್ದು ತೆಗೆದು ಒಳ್ಳೆಯ ಗಾಯಕಿಯಿಂದ ಹಾಡಿಸಿದರೆ ತೆಗೆದುಕೊಳ್ಳುತ್ತೇವೆ ಎಂದರು. ಒಪ್ಪಿಕೋ ಎಂದು ವಾಸುದೇವ ಮೇಜಿನ ಕೆಳಗೆ ಕಾಲು ತುಳಿದ. ತಿಪ್ಪವ್ವನ ತುಟಿಗೆ ಬೇರೊಬ್ಬಳ ಗಂಟಲು ಅಂಟಿಸುವುದು ನನ್ನಿಂದಾಗದ ಕೆಲಸ. ರೀಲಿನ ಡಬ್ಬಿ ಎತ್ತಿಕೊಂಡು ಹೊರಟೆ.

ಇನ್ನು ತೋರಿಸುವುದೂ ನನ್ನ ಕೆಲಸವೇ ಆಯಿತು. ಪ್ರೊಜೆಕ್ಟರನ್ನು ಬಸ್ಸಿನ ಮೇಲೇರಿಸಿ ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ತಿರುಗಿದೆವು. ಗಂಡಸರು ಬಂದರು, ಬೀಡಿ ಸೇದುತ್ತ ನೋಡಿದರು, ಹೋದರು. ತಾಳಿಕೋಟೆಯಲ್ಲೂ ಹೀಗೇ ಆದರೆ ನೌಕರಿಗೆ ಮರಳುವುದೇ ವಾಸಿ ಎಂದ ವಾಸುದೇವ. ಬೀಸಿ ಗೊತ್ತಿದ್ದವರೇ ನೋಡಲಿ ಎಂದು ಅಲ್ಲಿ ನಾನು, ಈ ಆಟ ಹೆಂಗಸರಿಗೆ ಮಾತ್ರ, ಎಂದು ಡಂಗುರ ಹೊಡೆಸಿದೆ.

ಮಧ್ಯಾಹ್ನ, ಶಾಲೆಯ ಕಿಟಕಿಗಳಿಗೆ ಕಂಬಳಿ ಕಟ್ಟಿ ಚಿತ್ರ ಹಚ್ಚಿದೆವು. ಕಲ್ಲು ಗುರ್ ಎನ್ನುತ್ತಿದ್ದಂತೆ ಮುಂದೆ ಕುಳಿತಿದ್ದ ಹಜರಾಬಿ ಎಂಬ ಮುದುಕಿ ಪದ ಎತ್ತಿದಳು. ಹಿಂದಿನವರು ಸೊಲ್ಲಿಗೆ ಸೊಲ್ಲು ಕೂಡಿಸಿದರು. ತಿಪ್ಪವ್ವನ ಪದವಲ್ಲ, ತಮ್ಮದೇ ಪದ. ತಿಪ್ಪವ್ವನ ದನಿ ಅದರಲ್ಲಿ ಮುಳುಗಿಹೋಯಿತು. ರೀಲು ಮುಗಿದು ಗೋಡೆ ಬೆಳ್ಳಗಾಯಿತು. ಹಾಡು ನಿಲ್ಲಲಿಲ್ಲ. ವಾಸುದೇವ ಗಾಬರಿಯಾಗಿ, ಇವರನ್ನು ಸುಮ್ಮನಿರಿಸಲೇ ಎಂದು ಕೇಳಿದ. ನನಗೆ ಹಿಡಿಸಲಾರದಷ್ಟು ಸಂತೋಷವಾಗಿತ್ತು.

“ಟೇಪ್ ಹಚ್ಚು, ವಾಸು,” ಎಂದೆ. “ನಮ್ಮ ಎರಡನೇ ಸಿನಿಮಾ ಸುರು ಆತು.”